ಬಲಿಪೀಠದ ಪಕ್ಕದಲ್ಲಿ ಜಾಝ್‌ಗೂ ಜಾಗವಿರಲಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಪಾಳಿ ಮುಗಿಸಿ, ಕೈಗೆ ಹತ್ತಿದ ಮಸಿ ತಿಕ್ಕಿ ತೊಳೆದು, ಸಂಜೆ ಕ್ವಾಯರ್ ಅಭ್ಯಾಸಕ್ಕೆ ಬರುವ ಖಾನಾಪುರದ ಹುಡುಗನಿಗೆ ಇನ್ನು ಬಲಿಪೂಜೆಯಲ್ಲಿ ಸ್ಯಾಕ್ಸೊಫೋನ್ ನುಡಿಸುವುದು ಬೇಡ ಎಂದು ಹಿರಿಯರು ಹೇಳಿದ್ದಾರೆ. ಅವನು ನುಡಿಸಿದ್ದು ಜಾಝ್, ಜಾಝ್ ಎಂದರೆ ಹೋಟೆಲು-ಕ್ಲಬ್ಬಿನ ಸಂಗೀತ, ಅದು ದೇವರ ಮನೆಗೆ ಹೊಂದುವುದಿಲ್ಲ ಎಂಬುದು ಅವರ ವಾದ. ಯಾವ ಚರ್ಚು, ಯಾವ ಹಿರಿಯರು ಎಂಬುದು ಇಲ್ಲಿ ಮುಖ್ಯವಲ್ಲ. ಬೆಳಗಾವಿಯ ಯಾವ ಚರ್ಚಿನಲ್ಲಾದರೂ ಈ ಮಾತು ಬರಬಹುದಿತ್ತು. ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತಳಾದ, ಈಗಲೂ ಭಾನುವಾರ ಕೀಬೋರ್ಡಿನ ಮುಂದೆ ಕೂರುವ ನಾನು ಈ ತೀರ್ಮಾನವನ್ನು ಒಪ್ಪುವುದಿಲ್ಲ. ಕಾರಣಗಳನ್ನು ಚರ್ಚಿನ ಅಂಗಳದಲ್ಲಿ ಪಿಸುಗುಟ್ಟುವುದಕ್ಕಿಂತ ಎಲ್ಲರೆದುರು ಹೇಳುವುದೇ ಸರಿ ಅನಿಸಿತು.

ಮೊದಲು ಆ ದಿನ ನಡೆದದ್ದು ಏನು ಎಂದು ಹೇಳುತ್ತೇನೆ. ಅದು ಕಾಣಿಕೆಯ ಹಾಡು, ಎಲ್ಲರಿಗೂ ಬಾಯಿಪಾಠವಾದ ಕನ್ನಡ ಗೀತೆ. ನಾಲ್ಕು ಪೆಟ್ಟಿನ ತಾಳ. ಅದನ್ನು ನಾವು ಮೊದಲನೆಯ ಮತ್ತು ಮೂರನೆಯ ಪೆಟ್ಟಿಗೆ ಒತ್ತು ಕೊಟ್ಟು, ಮರಾಠಾ ರೆಜಿಮೆಂಟಿನ ಕವಾಯತಿನಂತೆ ಹಾಡುತ್ತ ಬಂದಿದ್ದೇವೆ. ಹುಡುಗರು ಆ ಒತ್ತನ್ನು ಎರಡನೆಯದಕ್ಕೂ ನಾಲ್ಕನೆಯದಕ್ಕೂ ಸರಿಸಿದರು. ಡ್ರಮ್ಮಿನವನು ಕೋಲು ಮುಟ್ಟಲಿಲ್ಲ. ತಂತಿಯ ಬ್ರಷ್ಷಿನಿಂದ ಚರ್ಮವನ್ನು ಮೆಲ್ಲಗೆ ಸವರುತ್ತ ಹೋದ. ಕೀಬೋರ್ಡಿನ ಮೇಲೆ ನನ್ನ ಎಡಗೈ ಪೆಟ್ಟಿಗೊಂದರಂತೆ ಕೆಳಗಿನ ಸ್ವರಗಳನ್ನು ಇಡುತ್ತ ನಡೆಯಿತು. ಎರಡನೆಯ ಚರಣ ಮುಗಿದಾಗ ಕಾಣಿಕೆಯ ಮೆರವಣಿಗೆ ಇನ್ನೂ ಅರ್ಧ ದಾರಿಯಲ್ಲಿತ್ತು. ಮುಂದಿದ್ದ ಅಜ್ಜಿಯೊಬ್ಬರು ಕೋಲೂರಿಕೊಂಡು ನಿಧಾನ ಬರುತ್ತಿದ್ದರು. ಆ ಹೊತ್ತನ್ನು ತುಂಬಲು ಹುಡುಗ ಸ್ಯಾಕ್ಸೊಫೋನ್ ಎತ್ತಿದ. ಹಾಡಿನ ಧಾಟಿಯನ್ನು ಬಿಡದೆ, ಅದರ ಸುತ್ತಲೇ ತಿರುಗುತ್ತ, ಗಾಂಧಾರವನ್ನು ಅಲ್ಲಲ್ಲಿ ಕೋಮಲದ ಕಡೆ ಬಾಗಿಸುತ್ತ ನುಡಿಸಿದ. ಅಜ್ಜಿಯ ಕೈಯಿಂದ ರೊಟ್ಟಿಯ ತಟ್ಟೆ ಗುರುಗಳ ಕೈ ಸೇರುವ ಹೊತ್ತಿಗೆ ಸರಿಯಾಗಿ ಮೂಲ ಷಡ್ಜಕ್ಕೆ ಬಂದು ನಿಂತ. ಮೂರನೆಯ ಚರಣವನ್ನು ಜನ ಎತ್ತಿಕೊಂಡ ರೀತಿ ನೋಡಬೇಕಿತ್ತು. ಹಿಂದಿನ ಬೆಂಚುಗಳಲ್ಲಿ ತುಟಿ ಬಿಚ್ಚದೆ ನಿಲ್ಲುವ ಗಂಡಸರೂ ಹಾಡಿದರು.

ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ಬಂದು, “ಟೀಚರ್, ಇದು ಕ್ಲಬ್ಬಿನ ಸಂಗೀತ ಅದರೀ, ದೇವರ ಮುಂದ ಬ್ಯಾಡ್ರಿ” ಅಂದರು. ಅವರ ಪಕ್ಕದಲ್ಲೇ ನಿಂತಿದ್ದ ಅವರ ಹೆಂಡತಿ, “ಹಿಂಗ ಬಾರಿಸಿದ್ರ ಮುದುಕ್ಯಾರೂ ಹಾಡತಾರ್ರೀ” ಅಂದರು. ನನಗೆ ಎರಡನೆಯ ಮಾತು ಹೆಚ್ಚು ತೂಕದ್ದಾಗಿ ಕೇಳಿಸಿತು.

ನಮ್ಮ ಚರ್ಚುಗಳಲ್ಲಿ ಈಗ ನಡೆಯುತ್ತಿರುವುದನ್ನೂ ನೋಡಿ. ಬಹಳ ಕಡೆ ಕೀಬೋರ್ಡಿನ ‘ಸ್ಟೈಲ್’ ಬಟನ್ ಒತ್ತಿಬಿಡುತ್ತಾರೆ. ಡ್ರಮ್ಮು, ಬೇಸ್ ಗಿಟಾರು, ತಂಬೂರಿ, ಎಲ್ಲವನ್ನೂ ಆ ಪೆಟ್ಟಿಗೆಯೇ ಬಾರಿಸುತ್ತದೆ. ಕೆಲವು ಕಡೆ ಅದೂ ಇಲ್ಲ; ಮೊಬೈಲಿನಿಂದ ಬ್ಲೂಟೂತಿಗೆ ಟ್ರ್ಯಾಕ್ ಹಾಕಿ ಅದರ ಮೇಲೆ ಹಾಡುತ್ತಾರೆ. ಪರಮಪ್ರಸಾದದ ಸಾಲು ಉದ್ದವಿದ್ದರೂ ಟ್ರ್ಯಾಕಿಗೆ ಗೊತ್ತಾಗುವುದಿಲ್ಲ, ಗುರುಗಳು ಬಲಿಪೀಠಕ್ಕೆ ಮರಳಿದ್ದೂ ಗೊತ್ತಾಗುವುದಿಲ್ಲ. ಅಜ್ಜಿಯೊಬ್ಬರು ಉಸಿರು ತೆಗೆದುಕೊಳ್ಳಲು ಅರ್ಧ ಪೆಟ್ಟು ತಡವಾದರೆ ಅದು ಕಾಯುವುದಿಲ್ಲ. ಆ ಯಂತ್ರದೊಳಗಿನ ತಾಳಗಳಲ್ಲಿ ಡಿಸ್ಕೊ ಇದೆ, ರುಂಬಾ ಇದೆ, ಸ್ವಿಂಗ್ ಕೂಡ ಇದೆ. ಅದಕ್ಕೆ ಯಾರೂ ತಕರಾರು ತೆಗೆದದ್ದನ್ನು ನಾನು ಕಂಡಿಲ್ಲ. ಜೀವಂತ ಮನುಷ್ಯನೊಬ್ಬ, ಸುತ್ತಲಿನವರ ದನಿಗೆ ಕಿವಿಗೊಟ್ಟು, ಅದೇ ತಾಳವನ್ನು ಕೈಯಾರೆ ನುಡಿಸಿದರೆ ಮಾತ್ರ ತಕರಾರು. ಪೂಜಾವಿಧಿಗೆ ಬೇಕಾದದ್ದು ಇಂಥ ಕಿವಿಯೇ. ಕಾಯುವುದು, ಹಿಗ್ಗಿಸುವುದು, ಕುಗ್ಗಿಸುವುದು, ಮುಂದಿರುವವರ ಉಸಿರಿನೊಂದಿಗೆ ಹೋಗುವುದು: ಜಾಝ್ ಕಲಿಸುವುದು ಇದನ್ನೇ. ಒಳ್ಳೆಯ ಆರ್ಗನ್ ವಾದಕರು ಮೆರವಣಿಗೆಯ ಉದ್ದಕ್ಕೆ ತಕ್ಕಂತೆ ಸ್ಥಳದಲ್ಲೇ ಹೆಣೆದು ನುಡಿಸುವುದೂ ಇದೇ ವಿದ್ಯೆಯಿಂದ.

ಇನ್ನು ಹೋಟೆಲಿನ ಸಂಗೀತ ಎಂಬ ಮಾತು. ಹೋಟೆಲಿಗೆ ಅದು ಹೋದದ್ದು ಎಲ್ಲಿಂದ?

ಪಪ್ಪಾ ರೈಲ್ವೆಯಲ್ಲಿದ್ದರು, ನಾನು ಬೆಳೆದದ್ದು ಲೋಂಡಾದ ಕ್ವಾರ್ಟರ್ಸಿನಲ್ಲಿ. ಖಾನಾಪುರ ತಾಲ್ಲೂಕಿನ ಈ ಜಂಕ್ಷನ್ನಿನಿಂದ ಒಂದು ಹಳಿ ಕ್ಯಾಸಲ್‌ರಾಕ್ ಘಟ್ಟ ಇಳಿದು ಗೋವೆಗೆ ಹೋಗುತ್ತದೆ, ಒಂದು ಬೆಳಗಾವಿ, ಮಿರಜ ದಾಟಿ ಪುಣೆಯ ಕಡೆಗೆ, ಇನ್ನೊಂದು ಧಾರವಾಡ, ಹುಬ್ಬಳ್ಳಿಗೆ. ಮುರಗಾಂವ್ ಬಂದರಿನಿಂದ ಹಳಿ ಬಂದದ್ದು 1880ರ ದಶಕದಲ್ಲಿ. ಆಮೇಲೆ ಹಡಗು ಹತ್ತದೆ ಮುಂಬಯಿಗೆ ಹೊರಟ ಗೋವೆಯ ವಾದಕರು ಪಿಟೀಲು, ಟ್ರಂಪೆಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಲೋಂಡಾ ದಾಟಿಯೇ ಹೋಗುತ್ತಿದ್ದರು. ಪಪ್ಪಾ ಕಲಿತದ್ದೂ ಅವರು ಕಲಿತ ರೀತಿಯಲ್ಲೇ. ಪೋರ್ಚುಗೀಸರ ಕಾಲದ ಗೋವೆಯಲ್ಲಿ ಊರ ಚರ್ಚಿಗೆ ಸೇರಿದ ಸಂಗೀತ ಶಾಲೆಗಳಿದ್ದವು. ಬಡವರ ಮಕ್ಕಳೂ ಅಲ್ಲಿ ಸ್ವರಲಿಪಿ ಓದಲು ಕಲಿಯುತ್ತಿದ್ದರು. ಮೊದಲ ತಿಂಗಳುಗಳಲ್ಲಿ ವಾದ್ಯ ಕೊಡುತ್ತಿರಲಿಲ್ಲ. ತೊಡೆಯ ಮೇಲೆ ಕೈಯಿಂದ ತಾಳ ಹಾಕುತ್ತ ದೊ, ರೆ, ಮಿ ಎಂದು ಓದಬೇಕು. ಓದಲು ಬಂದ ಮೇಲೆ ಪಿಟೀಲು. ಪಪ್ಪಾ ನನಗೂ ಹಾಗೆಯೇ ಕಲಿಸಿದರು. ಊಟಕ್ಕೆ ಮುಂಚೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಸ್ವರ ಓದಬೇಕಿತ್ತು. ತಪ್ಪಿದರೆ ಆ ಸಾಲು ಮತ್ತೆ ಮೊದಲಿನಿಂದ.

ಹೀಗೆ ಚರ್ಚಿನಲ್ಲಿ ಓದಲು ಕಲಿತವರೇ ಮುಂಬಯಿಗೆ ಹೋಗಿ ಜಾಝ್ ನುಡಿಸಿದರು. 1935ರಲ್ಲಿ ಅಮೆರಿಕದ ಕಪ್ಪು ವಾದಕ ಲಿಯಾನ್ ಆ್ಯಬಿ ತನ್ನ ತಂಡದೊಂದಿಗೆ ಮುಂಬಯಿಯ ತಾಜ್ ಹೋಟೆಲಿಗೆ ಬಂದ. ಆಮೇಲೆ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫರ್ಡ್ ಬಂದರು. ಅವರ ಪಕ್ಕದಲ್ಲಿ ಕೂತು ನುಡಿಸಬಲ್ಲವರು ಈ ದೇಶದಲ್ಲಿ ಬೇಕಾದಾಗ ಸಿಕ್ಕಿದ್ದು ಗೋವೆಯ ಹುಡುಗರೇ. ಫ್ರ್ಯಾಂಕ್ ಫೆರ್ನಾಂಡ್ ಕ್ರಿಕೆಟ್ ಸ್ಮಿತ್‌ನ ತಂಡದಲ್ಲಿ ನುಡಿಸಿದವರು. ಮುಂದೆ ‘ಆಮ್ಚೆಂ ನಶೀಬ್’, ‘ನಿರ್ಮೊಣ್’ ಎಂಬ ಕೊಂಕಣಿ ಚಿತ್ರಗಳನ್ನು ಕೊಟ್ಟವರೂ ಅವರೇ. ಅಲ್ದೊನಾದ ಆಂತೊನಿಯೊ ಶಾವಿಯರ್ ವಾಝ್ ‘ಚಿಕ್ ಚಾಕಲೇಟ್’ ಎಂಬ ಹೆಸರಿನಲ್ಲಿ ಟ್ರಂಪೆಟ್ ನುಡಿಸಿದರು. 1951ರ ‘ಅಲ್ಬೇಲಾ’ ಚಿತ್ರದ ಹಾಡುಗಳಲ್ಲಿ ಅವರ ತಂಡದ ಕೈಚಳಕ ಈಗಲೂ ಕೇಳುತ್ತದೆ. ಹಿಂದಿ ಚಿತ್ರಗೀತೆಗಳ ವಾದ್ಯವೃಂದ ಕಟ್ಟಿದ ಮಜೋರ್ಡಾದ ಆ್ಯಂಟನಿ ಗೊನ್ಸಾಲ್ವಿಸ್ ಅವರ ತಂದೆ ಊರ ಚರ್ಚಿನ ಕ್ವಾಯರ್ ಮಾಸ್ತರ. ಜಾಝ್ ಹೋಟೆಲಿನಿಂದ ಚರ್ಚಿಗೆ ನುಗ್ಗುತ್ತಿದೆ ಎಂದು ಇಂದು ಹೆದರುವವರು ಈ ದಾರಿಯನ್ನು ಒಮ್ಮೆ ಹಿಂದಕ್ಕೆ ನಡೆದು ನೋಡಬೇಕು. ನಮ್ಮ ಸೀಮೆಯಲ್ಲಿ ಅದನ್ನು ನುಡಿಸಿದ ಕೈಗಳನ್ನು ಸಾಕಿದ್ದು ಚರ್ಚೇ.

ಸ್ಯಾಕ್ಸೊಫೋನ್ ಎಂಬ ವಾದ್ಯದ ಮೇಲಿನ ಮುನಿಸಂತೂ ನನಗೆ ಅರ್ಥವಾಗಿಲ್ಲ. ಹಾರ್ಮೋನಿಯಂ ಮತ್ತು ಸ್ಯಾಕ್ಸೊಫೋನ್ ಎರಡೂ ಪ್ಯಾರಿಸ್ಸಿನಲ್ಲಿ ಒಂದೇ ದಶಕದಲ್ಲಿ ಪೇಟೆಂಟ್ ಪಡೆದವು, ಮೊದಲನೆಯದು 1842ರಲ್ಲಿ, ಎರಡನೆಯದು 1846ರಲ್ಲಿ. ಒಂದನ್ನು ಭಜನೆಗೂ ಕೀರ್ತನೆಗೂ ನಮ್ಮದೇ ಎಂದು ಅಪ್ಪಿಕೊಂಡೆವು. ಇನ್ನೊಂದನ್ನು ನಮ್ಮ ನಾಡಿನವರೇ ಆದ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 2019ರಲ್ಲಿ ತೀರಿಕೊಳ್ಳುವವರೆಗೂ ಜಗತ್ತಿನ ಮುಂದೆ ನುಡಿಸಿದರು. ಕರಾವಳಿಯ ದೇವಸ್ಥಾನಗಳಲ್ಲಿ, ಮದುವೆ ಚಪ್ಪರಗಳಲ್ಲಿ ಸ್ಯಾಕ್ಸೊಫೋನ್ ಇಂದು ಮಂಗಳವಾದ್ಯ. ದೇವರ ಉತ್ಸವಕ್ಕೆ ಅಲ್ಲಿ ಸಲ್ಲುವ ವಾದ್ಯ ಬೆಳಗಾವಿಯ ಚರ್ಚಿನಲ್ಲಿ ಮೈಲಿಗೆ ಆಗುವುದು ಹೇಗೆ?

ಹಿರಿಯರು ನಿಯಮದ ಮಾತೂ ಆಡಿದರು. ಅದಕ್ಕೆ ನ್ಯಾಯವಾಗಿ ಉತ್ತರಿಸಬೇಕು, ಏಕೆಂದರೆ ನಿಯಮ ಇದೆ. 1903ರಲ್ಲಿ ಪೋಪ್ ಹತ್ತನೆಯ ಪಿಯುಸ್ ಹೊರಡಿಸಿದ ಆಜ್ಞೆ ಚರ್ಚಿನೊಳಗೆ ಡ್ರಮ್ಮು, ತಾಳಗಳನ್ನು ನಿಷೇಧಿಸಿತ್ತು. ಅದೇ ಆಜ್ಞೆ ಪಿಯಾನೋವನ್ನೂ ನಿಷೇಧಿಸಿತ್ತು ಎಂಬುದನ್ನು ನಮ್ಮಲ್ಲಿ ಯಾರೂ ನೆನೆಯುವುದಿಲ್ಲ. ಆಮೇಲೆ ಬಂದದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರ್‌ನಲ್ಲಿ ಹೊರಬಿದ್ದ ಪೂಜಾವಿಧಿಯ ಸಂವಿಧಾನ ಪೈಪ್ ಆರ್ಗನ್ನಿಗೆ ದೊಡ್ಡ ಗೌರವ ಕೊಟ್ಟು, ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು: ಅವು ಪೂಜೆಗೆ ತಕ್ಕುದಾಗಿರಬೇಕು, ಆಲಯದ ಘನತೆಗೆ ಒಪ್ಪಬೇಕು, ಭಕ್ತರ ವಿಶ್ವಾಸವನ್ನು ಬೆಳೆಸಬೇಕು, ಆಯಾ ಪ್ರದೇಶದ ಅಧಿಕಾರಿಗಳ ಒಪ್ಪಿಗೆ ಇರಬೇಕು. ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಕೊಡಬೇಕೆಂದೂ ಅದು ಹೇಳಿತು. 1967ರಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆ ಸ್ವಲ್ಪ ಬಿಗಿಯಾಗಿದೆ: ಸಾಮಾನ್ಯ ಅಭಿಪ್ರಾಯದಲ್ಲೂ ಬಳಕೆಯಲ್ಲೂ ಲೌಕಿಕ ಸಂಗೀತಕ್ಕೆ ಮಾತ್ರ ಸಲ್ಲುವ ವಾದ್ಯ ಬೇಡ ಎನ್ನುತ್ತದೆ. ಹಿರಿಯರು ಆತುಕೊಳ್ಳುವುದು ಈ ವಾಕ್ಯಕ್ಕೆ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಒಪ್ಪಿಯೇ ಕೇಳುತ್ತೇನೆ: ಮಂಗಳೂರಿನಿಂದ ಉಡುಪಿಯವರೆಗೆ ದೇವರ ಮುಂದೆ ನುಡಿಯುವ ವಾದ್ಯವನ್ನು ಲೌಕಿಕಕ್ಕೆ ಮಾತ್ರ ಸಲ್ಲುವುದು ಎಂದು ಕರ್ನಾಟಕದಲ್ಲಿ ಯಾರು ಹೇಳಬಲ್ಲರು? ಸಾಮಾನ್ಯ ಅಭಿಪ್ರಾಯ ಎಂದರೆ ನಾಲ್ಕು ಜನ ಹಿರಿಯರ ಅಭಿಪ್ರಾಯವಲ್ಲ, ಬೆಂಚಿನಲ್ಲಿ ನಿಂತು ಹಾಡುವವರ ಅಭಿಪ್ರಾಯವೂ ಹೌದು.

ಈ ಜಗಳ ಜಗತ್ತಿಗೆ ಹೊಸದಲ್ಲ. ಚಿಕಾಗೊದ ಥಾಮಸ್ ಡಾರ್ಸಿ ಬ್ಲೂಸ್ ಪಿಯಾನೋ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವರು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿಯನ್ನೂ ಹಿಂದೆಯೇ ಮಗುವನ್ನೂ ಕಳೆದುಕೊಂಡು, ಆ ದುಃಖದಲ್ಲಿ ಬರೆದ ಪ್ರಾರ್ಥನಾಗೀತೆ ಇಂದು ಜಗತ್ತಿನ ಚರ್ಚುಗಳಲ್ಲಿ ಹಾಡಾಗಿದೆ. ಮೊದಮೊದಲು ಅವರ ಸಂಗೀತವನ್ನು ಎಷ್ಟೋ ಚರ್ಚುಗಳು ಒಳಗೆ ಬಿಟ್ಟಿರಲಿಲ್ಲ. ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ 1963ರಲ್ಲಿ ಭಾರತಕ್ಕೂ ಬಂದು ಹೋದವರು. 1965ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗ್ರೇಸ್ ಕೆಥೆಡ್ರಲ್‌ನಲ್ಲಿ ಅವರ ಮೊದಲ ಪವಿತ್ರ ಸಂಗೀತ ಕಛೇರಿ ನಡೆಯಿತು. ಮರುವರ್ಷ ವಾಷಿಂಗ್ಟನ್ನಿನ ಬ್ಯಾಪ್ಟಿಸ್ಟ್ ಸಭಾಪಾಲಕರ ಸಂಘ ಅಂಥದ್ದಕ್ಕೆ ಬೆಂಬಲ ಕೊಡಲಾರೆವು ಎಂದು ನಿರ್ಣಯ ಮಾಡಿತು. ಎಲಿಂಗ್ಟನ್ ವಾದಕ್ಕೆ ಇಳಿಯದೆ ಇನ್ನೆರಡು ಅಂಥ ಕೃತಿಗಳನ್ನು ಕಟ್ಟಿದರು. ಮೂರನೆಯದು 1973ರಲ್ಲಿ ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ನಡೆಯಿತು. ಬದುಕಿನಲ್ಲಿ ತಾವು ಮಾಡಿದ ಎಲ್ಲಕ್ಕಿಂತ ಮುಖ್ಯ ಕೆಲಸ ಇದೇ ಎಂದು ಅವರು ಭಾವಿಸಿದ್ದರು. ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್ 1957ರಲ್ಲಿ ಕಥೋಲಿಕರಾದರು. ಅವರು ರಚಿಸಿದ ಜಾಝ್ ಬಲಿಪೂಜೆ 1975ರಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್‌ನಲ್ಲಿ ನಡೆಯಿತು. ಹೆಣ್ಣುಮಗಳಾಗಿ, ಕ್ವಾಯರಿನವಳಾಗಿ ನನಗೆ ಎಲ್ಲರಿಗಿಂತ ಹತ್ತಿರದವರು ಆಕೆ.

ಅಷ್ಟು ದೂರ ಹೋಗುವುದೂ ಬೇಡ. ಬೆಳಗಾವಿಯಿಂದ ಹೊರಟರೆ ಸಮೀಪದಲ್ಲೇ ಸುಳೇಭಾವಿ, ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಊರು. ಅವರು ಕಬೀರರ ನಿರ್ಗುಣಿ ಭಜನೆಗಳನ್ನು ಹಾಡಿದ್ದು ಬರೆದಿಟ್ಟ ಸ್ವರ ಒಪ್ಪಿಸಿ ಅಲ್ಲ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ವಚನ ಹಾಡುವಾಗ ಒಂದೊಂದು ಮಾತನ್ನೂ ತಿರುಗಿಸಿ ಮುರುಗಿಸಿ, ತಾನಗಳ ನಡುವೆ ಇಟ್ಟು ತೋರಿಸುತ್ತಿದ್ದರು. ಅದರಿಂದ ಬಸವಣ್ಣನ ಭಕ್ತಿ ಕುಂದಿತು ಎಂದು ಈ ನಾಡಿನಲ್ಲಿ ಒಬ್ಬರೂ ಹೇಳಿಲ್ಲ. ಆ ಕ್ಷಣದಲ್ಲಿ ಹುಟ್ಟುವ ಹಾಡು ದೇವರಿಗೆ ಸಲ್ಲುತ್ತದೆ ಎಂಬುದನ್ನು ಉತ್ತರ ಕರ್ನಾಟಕದ ಕಿವಿಗೆ ಹೊಸದಾಗಿ ಕಲಿಸಬೇಕಿಲ್ಲ. ನಮ್ಮ ಪ್ರೊಟೆಸ್ಟಂಟ್ ಬಂಧುಗಳ ಇತಿಹಾಸವೂ ಇದಕ್ಕೆ ಸಾಕ್ಷಿ: ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲೇ ಯೇಸುವಿನ ಕಥೆಯನ್ನು ‘ಕಥಾಮಾಲೆ’ಯಾಗಿ ಕನ್ನಡದ ಛಂದಸ್ಸಿನಲ್ಲಿ ಕಟ್ಟಿದರು. ಊರಿನ ಜನರ ಲಯ ಹಿಡಿಯದೆ ಊರಿನವರ ಪ್ರಾರ್ಥನೆ ಆಗದು ಎಂದು ಆ ಹೊರಗಿನವರಿಗೆ ಹೊಳೆದಿತ್ತು.

ಖಾನಾಪುರದವಳಾಗಿ ಇನ್ನೊಂದು ಮಾತು ಹೇಳಲೇಬೇಕು. ಖಾನಾಪುರದ ಕಾಡಂಚಿನಿಂದ ಹಳಿಯಾಳ, ಯಲ್ಲಾಪುರದವರೆಗೆ ಸಿದ್ದಿ ಜನ ಇದ್ದಾರೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ತಂದವರಲ್ಲಿ ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರ ಮಕ್ಕಳು, ಮೊಮ್ಮಕ್ಕಳು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. ಅವರ ಡಮಾಮಿಯನ್ನು ನಾನು ಹಳಿಯಾಳದ ಕಡೆ ಒಂದು ಮನೆಯ ಅಂಗಳದಲ್ಲಿ ಕೇಳಿದ್ದೇನೆ. ಎರಡೂ ಬದಿಗೆ ಚರ್ಮ ಬಿಗಿದ ಮರದ ವಾದ್ಯ, ಬಾರಿಸುವವರು ನೆಲದ ಮೇಲೆ ಕೂತು, ಹೆಂಗಸರು ಒಂದು ಸಾಲು ಎತ್ತಿದರೆ ಉಳಿದವರು ತಿರುಗಿ ಕೊಡುತ್ತಿದ್ದರು. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಕಾಂಗೊ ಸ್ಕ್ವೇರ್ ಎಂಬ ಮೈದಾನದಲ್ಲಿ ಭಾನುವಾರದ ಬಿಡುವಿಗೆ ಕೂಡುತ್ತಿದ್ದ ಆಫ್ರಿಕದ ಗುಲಾಮರು ಬಾರಿಸಿದ ನಗಾರಿಗಳಿಂದ, ಅವರ ಹೀಗೆ ಕೇಳಿ-ಕೊಡುವ ಹಾಡಿನಿಂದ ಜಾಝ್ ಬೇರು ಬಿಟ್ಟಿತು. ಅದೇ ಖಂಡದ, ಅದೇ ಸಂಕಟದ ಕೂಸುಗಳು ನಮ್ಮ ಧರ್ಮಕೇಂದ್ರಗಳ ನೆರೆಯಲ್ಲೇ ಇದ್ದಾರೆ. ಜಾಝ್ ನಮಗೆ ಪರದೇಶದ್ದು ಎನ್ನುವಾಗ ಅವರನ್ನೂ ಪರದೇಶದವರೆಂದು ಹೇಳಿದಂತಾಗುತ್ತದೆ. ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಹಾಗೆಂದು ಎಲ್ಲಕ್ಕೂ ಎಲ್ಲ ಹೊತ್ತಿನಲ್ಲೂ ಜಾಝ್ ಸರಿ ಎಂದು ನಾನು ಹೇಳುತ್ತಿಲ್ಲ. ತಪಸ್ಸುಕಾಲದಲ್ಲಿ ವಾದ್ಯ ಇರುವುದು ಹಾಡಿಗೆ ಆಸರೆಯಾಗಿ ಮಾತ್ರ ಎಂಬ ನಿಯಮ ಒಳ್ಳೆಯದು. ಶುಭ ಶುಕ್ರವಾರ ಕಂಠವೊಂದೇ ಸಾಕು. ರೊಟ್ಟಿ, ದ್ರಾಕ್ಷಾರಸ ಎತ್ತಿ ಹಿಡಿಯುವ ಹೊತ್ತಿನಲ್ಲಿ ಮೌನಕ್ಕಿಂತ ದೊಡ್ಡ ಸಂಗೀತವಿಲ್ಲ. ತನ್ನ ಕೈಚಳಕ ತೋರಿಸಲೆಂದೇ ಉದ್ದಕ್ಕೆ ಎಳೆದು, ಜನ ಹಾಡು ನಿಲ್ಲಿಸಿ ವಾದಕನ ಮುಖ ನೋಡುವಂತಾದರೆ ಅದು ಪೂಜೆಯಲ್ಲ, ಕಛೇರಿ. ಚಪ್ಪಾಳೆ ಬಿದ್ದ ದಿನ ನಾನೇ ಹುಡುಗರನ್ನು ಕೂರಿಸಿ ಬಯ್ದಿದ್ದೇನೆ. ನನ್ನ ಅಳತೆಗೋಲು ಒಂದೇ: ಬೆಂಚಿನಲ್ಲಿರುವವರು ಹಾಡಿದರೋ ಇಲ್ಲವೋ? ಹಾಡಿದರೆ ಆ ಸಂಗೀತ ತನ್ನ ಕೆಲಸ ಮಾಡಿತು, ಬಾಯಿ ಮುಚ್ಚಿದರೆ ಅದು ಪೈಪ್ ಆರ್ಗನ್ನೇ ಆಗಿದ್ದರೂ ಸೋತಿತು.

ಈ ಹುಡುಗ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಾನೆ. ಸಂಬಳ ಉಳಿಸಿ ಹಳೆಯ ವಾದ್ಯ ಕೊಂಡಿದ್ದಾನೆ, ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತಿದ್ದಾನೆ. ಸ್ವರಲಿಪಿ ಓದಲು ಬರುವುದಿಲ್ಲ, ಏಕೆಂದರೆ ಕಲಿಸುವವರು ಈಗ ಯಾವ ಚರ್ಚಿನಲ್ಲೂ ಇಲ್ಲ. ನಮ್ಮ ಅಪ್ಪಂದಿರಿಗೆ ಚರ್ಚು ಧರ್ಮಾರ್ಥ ಕೊಟ್ಟ ವಿದ್ಯೆಯನ್ನು ನಾವು ಈ ಮಕ್ಕಳಿಗೆ ಕೊಡಲಿಲ್ಲ. ಅವರು ತಾವೇ ಹುಡುಕಿ ತಂದದ್ದನ್ನು ಈಗ ಬೇಡ ಅನ್ನುತ್ತಿದ್ದೇವೆ. ಬೇಡ ಅನ್ನಿಸಿಕೊಂಡವರು ಮದುವೆಯ ಬ್ಯಾಂಡಿಗೆ ಹೋಗುತ್ತಾರೆ, ಗೋವೆಯ ಬೀಚಿನ ಹೋಟೆಲುಗಳಿಗೆ ಹೋಗುತ್ತಾರೆ. ಆಮೇಲೆ ಯುವಜನರು ಪೂಜೆಗೆ ಬರುತ್ತಿಲ್ಲ ಎಂದು ನಾವೇ ಸಭೆ ಕರೆಯುತ್ತೇವೆ.

ಬೆಳಗಾವಿ ಧರ್ಮಕ್ಷೇತ್ರ 1953ರಲ್ಲಿ ಗೋವೆಯಿಂದ ಬೇರ್ಪಟ್ಟು ಹುಟ್ಟಿದ್ದು. ಕನ್ನಡ, ಕೊಂಕಣಿ, ಮರಾಠಿ, ಇಂಗ್ಲಿಷ್ ನಾಲ್ಕೂ ಭಾಷೆಗಳಲ್ಲಿ ಪೂಜೆ ನಡೆಸುವ ಈ ಊರಿಗೆ ಒಂದಕ್ಕಿಂತ ಹೆಚ್ಚು ಲಯವನ್ನು ಒಟ್ಟಿಗೆ ಸಂಭಾಳಿಸುವುದು ಕಷ್ಟವಾಗಬಾರದು. ಗುರುಗಳಲ್ಲಿ, ಧರ್ಮಕೇಂದ್ರಗಳ ಪಾಲನಾ ಸಮಿತಿಗಳಲ್ಲಿ ನನ್ನ ಕೇಳಿಕೆ ಇಷ್ಟು. ಹುಡುಗರನ್ನು ಕರೆದು ಕೂರಿಸಿ, ಅವರು ನುಡಿಸುವುದನ್ನು ಒಮ್ಮೆ ಪೂರ್ತಿ ಕೇಳಿ, ಆಮೇಲೆ ತೀರ್ಮಾನ ಹೇಳಿ. ಖಾನಾಪುರದಲ್ಲೊಂದು, ಬೆಳಗಾವಿಯ ಕ್ಯಾಂಪಿನಲ್ಲೊಂದು ಸ್ವರಲಿಪಿಯ ತರಗತಿ ತೆರೆಯಿರಿ. ಕೋಣೆ, ಕಪ್ಪು ಹಲಗೆ ಕೊಟ್ಟರೆ ಕಲಿಸಲು ನಾನಿದ್ದೇನೆ, ಸಂಬಳ ಬೇಡ. ಆಗಮನಕಾಲ ಶುರುವಾಗುವುದರೊಳಗೆ ಕೀಬೋರ್ಡಿನ ಆ ಸ್ಟೈಲ್ ಬಟನ್ ಬಂದ್ ಮಾಡಿ, ಅದರ ಜಾಗದಲ್ಲಿ ಈ ಮಕ್ಕಳನ್ನು ಕೂರಿಸಿ.